ಅತ್ತೆಯ ಶನಿವಾರದ ಗಾಯದ ಪಾಠ

ನಮ್ಮ ಅತ್ತೆ ಬ್ಯಾಂಡೇಜು ಕಟ್ಟಿದ ಮೇಲೆ ಗಾಯ ಎಲ್ಲಿತ್ತು ಎಂದು ಹುಡುಕಿಕೊಟ್ಟವರಿಗೆ ಬಹುಮಾನ ಇಡಬಹುದು! ಮೊಣಕೈ ತರಚಿಕೊಂಡು ಬಂದ ಮಗು ಅವಳ ಕೈಯಿಂದ ಬಿಡಿಸಿಕೊಂಡು ಹೋಗುವಾಗ ಗಡಿಯಲ್ಲಿ ಕಾದಾಡಿ ಬಂದ ಸಿಪಾಯಿಯಂತೆ ಕಾಣುತ್ತದೆ. ಇಂಥವಳು ಪ್ರತಿ ಶನಿವಾರ ನಮ್ಮೂರ ಶಾಲೆಯ ಹದಿನಾಲ್ಕು ಮಕ್ಕಳಿಗೆ ಪ್ರಥಮ ಚಿಕಿತ್ಸೆ ಕಲಿಸುತ್ತಾಳೆ. ಅವಳಿಗಿರುವ ಅರ್ಹತೆ? ಗಂಟಲು. ಅಷ್ಟೇ.

ಅತ್ತೆ ಎಂದರೆ ಅಪ್ಪನ ಅಕ್ಕ. ತೆಲುಗು ಗಡಿಯ ಬಲಸಮುದ್ರದಲ್ಲಿ ಮೂವತ್ತು ವರ್ಷ ಸಂಸಾರ ಮಾಡಿ, ಅಲ್ಲಿಯ ಹೊಲಗಳಲ್ಲಿ ಸೋಲಾರ್ ಹಲಗೆಗಳು ಎದ್ದ ಮೇಲೆ, ಅರ್ಧ ತೆಲುಗನ್ನೂ ಪೂರ್ತಿ ಜೋರನ್ನೂ ಹೊತ್ತುಕೊಂಡು ಚನ್ನರಾಯನದುರ್ಗದ ಮಗ್ಗುಲಿನ ನಮ್ಮೂರಿಗೆ ವಾಪಸು ಬಂದವಳು. ನಾನೋ, ಕಾಲೇಜಿನಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ಪಡೆದವಳು. ಸರ್ಟಿಫಿಕೇಟಿಗೆ ಗಾಜು ಹಾಕಿಸಿದ್ದೇನೆ. ನ್ಯಾಯ ಎಲ್ಲಿದೆ ಹೇಳಿ!

ಕೊನೆಗೂ ಮುಖ್ಯೋಪಾಧ್ಯಾಯಿನಿಗೆ ಅನುಮಾನ ಬಂತು. ನನ್ನನ್ನು ಕರೆದು, "ನಾಕು ಶನಿವಾರ ಕೂತು ನೋಡಮ್ಮ, ನೋಡಿದ್ದನ್ನ ಬರೆದುಕೊಡು. ಮುಂದೆ ಪಾಠ ಅವರು ಮಾಡಬೇಕೋ ನೀನೋ, ಅದರ ಮೇಲೆ ತೀರ್ಮಾನ" ಎಂದರು. ನಾನು ಅವತ್ತೇ ಹೊಸ ಡೈರಿಗೆ ಗೆರೆ ಹಾಕಿದೆ. ಸುದ್ದಿ ಅತ್ತೆಗೂ ಮುಟ್ಟಿತು.

"ಬರ್ಕಳ್ಳೇ ತಾಯಿ, ಬರ್ಕ. ಪಾಠ ಕಿತ್ಕಂಡ್ಬುಟ್ರೆ ಶನಿವಾರನೂ ನಿನ್ ಮಕಾನೇ ನೋಡ್ಕಂಡು ಕೂತ್ಕಬೇಕಲ್ಲ, ಅದೇ ನಂಗೆ ಸಂಕಟ!" ಎಂದಳು. ನಗುತ್ತಲೇ ಅಂದಳು. ಆದರೆ ಆ ಶನಿವಾರ ಅರ್ಧ ಗಂಟೆ ಮುಂಚೆಯೇ ಹೋಗಿ ಶಾಲೆಯ ಜಗಲಿಯಲ್ಲಿ ಕೂತಿದ್ದಳು.

ನವೆಂಬರ್ 9. ಪೆಟ್ಟಿಗೆ ತಪಾಸಣೆ. ಹತ್ತಿ ಒಂದು ಉಂಡೆ, ಗಾಜ್ ಬಟ್ಟೆ ಎರಡು ಸುರುಳಿ, ಕತ್ತರಿ ಒಂದು. ಇಷ್ಟು ಸರಿ. ಇದಲ್ಲದೆ ಬಾಚಣಿಗೆ ಒಂದು, ಎಲೆ ಅಡಿಕೆ ಒಂದು ಪೊಟ್ಟಣ, ಪೆಪ್ಪರ್‌ಮಿಂಟು ಇಪ್ಪತ್ತಾರು! ಹತ್ತಿಯ ಮೇಲೆ ಕೆಂಪು ಕಲೆ ಕಂಡು ನಾನು ರಕ್ತವೆಂದು ಹೌಹಾರಿದೆ.

"ರಕ್ತ ಅಲ್ಲ ಕಣಮ್ಮ, ಕುಂಕುಮ. ಆಯುಧ ಪೂಜೇಲಿ ಟ್ರಾಕ್ಟ್ರಿಗೆ ಇಟ್ಟೆ, ಇದಕ್ಕೆ ಇಡದೇ ಬುಟ್ರೆ ಬೇಜಾರು ಮಾಡ್ಕಳಾಕಿಲ್ವಾ?"

ಬೇಜಾರು! ಹತ್ತಿಗೆ! ಶುಚಿಯಾದ ಹತ್ತಿಯನ್ನು ಕುಂಕುಮ ಹಚ್ಚಿ ಹಾಳುಮಾಡಿ, ಅದರ ಮನಸ್ಸನ್ನು ಕಾಪಾಡಿದ ಪುಣ್ಯಾತ್ಗಿತ್ತಿ. ಇಡೀ ಉಂಡೆಯನ್ನು ಎಸೆಸಿದೆ. ಅವತ್ತು ಗಾಯವಾದ ಮಕ್ಕಳು ಮೂರು, ಖರ್ಚಾದ ಪೆಪ್ಪರ್‌ಮಿಂಟು ಹದಿನಾರು. ಹದಿನಾಲ್ಕು ಮಕ್ಕಳಿಗೆ ಹದಿನಾಲ್ಕು. ಉಳಿದೆರಡು ಯಾರ ಬಾಯಿಗೆ ಹೋದವೆಂದು ನಾನು ಕೇಳಲಿಲ್ಲ. ಅತ್ತೆಯ ಕೆನ್ನೆಯೇ ಉಬ್ಬಿತ್ತು.

ನವೆಂಬರ್ 16. ಪಾಠ: ಬಿದ್ದವರನ್ನು ನೋಡಿಕೊಳ್ಳುವುದು. "ಮೊದ್ಲು ಏನ್ ಮಾಡ್ಬೇಕ್ರಲೇ?" ಎಂದಳು ಅತ್ತೆ. ಕೈ ತೊಳೆಯಬೇಕು ಎನ್ನುತ್ತಾರೆಂದು ನಾನು ಪೆನ್ನು ಹಿಡಿದು ಕಾದೆ.

"ನೆಲಕ್ಕೆ ಹೊಡೀಬೇಕೂ!" ಎಂದು ಹದಿನಾಲ್ಕು ಬಾಯಿ ಒಟ್ಟಿಗೆ ಕಿರುಚಿದವು. ಕಿರುಚಿ ಸುಮ್ಮನಿದ್ದವೇ? ಎಲ್ಲವೂ ಸೇರಿ ನೆಲವನ್ನು ದಬದಬ ಬಡಿದವು.

"ಅತ್ತೆ, ನೆಲ ಏನು ತಪ್ಪು ಮಾಡಿದೆ?"

"ಮತ್ತೆ ಇನ್ಯಾರ್ಗೆ ಹೊಡೀಲೇ? ಬಿದ್ದ ಮಗೀಗಾ?"

ನೆಲಕ್ಕೆ ಬಿದ್ದ ಏಟು ನಲವತ್ತೊಂದು, ಕೈ ತೊಳೆದವರು ಇಬ್ಬರು ಎಂದು ಬರೆದುಕೊಂಡೆ.

ನವೆಂಬರ್ 23. ಪಾಠ: ತಲೆಗೆ ಪಟ್ಟಿ ಕಟ್ಟುವುದು. ಐದನೇ ತರಗತಿಯ ಹುಡುಗನೊಬ್ಬನನ್ನು ರೋಗಿ ಮಾಡಿ ಕೂರಿಸಿದಳು. ಸುತ್ತಿದಳು, ಸುತ್ತಿದಳು, ಎರಡೂ ಸುರುಳಿ ಖಾಲಿಯಾಗುವವರೆಗೂ ಸುತ್ತಿದಳು. ಕೊನೆಗೆ ಮೂಗಿನ ತುದಿ ಮಾತ್ರ ಹೊರಗೆ! "ಏಂ ಕಾದು ನಾಯನಾ, ಏನೂ ಆಗಾಕಿಲ್ಲ, ಎದ್ದೋಗು" ಎಂದು ಬೆನ್ನು ತಟ್ಟಿ ಕಳಿಸಿದಳು. ಕಣ್ಣು ಕಾಣದ ಹುಡುಗ ಎದ್ದವನೇ ನೇರವಾಗಿ ಹೋಗಿ ಕಿಟಕಿಯ ಬಾಗಿಲಿಗೆ ಮೊಣಕೈ ಜಜ್ಜಿಕೊಂಡ. ಪಾಠಕ್ಕೆ ಮುಂಚೆ ಗಾಯಾಳು ಸೊನ್ನೆ, ಪಾಠದ ನಂತರ ಒಂದು. ಇಂಥ ಶಿಕ್ಷಕಿಯ ಬಗ್ಗೆ ಇನ್ನೇನು ಬರೆಯುವುದು ಬಾಕಿಯಿದೆ!

ನವೆಂಬರ್ 30. ನನ್ನ ಅದೃಷ್ಟಕ್ಕೆ ಅತ್ತೆ ಶಿರಾಕ್ಕೆ ನಾಮಕರಣಕ್ಕೆ ಹೋದಳು. ಪಾಠ ನನ್ನದಾಯಿತು. ಗೋಡೆಗೆ ಚಿತ್ರ ತೂಗುಹಾಕಿದೆ. ಕೈ ತೊಳೆ, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿ, ರಕ್ತ ನಿಂತ ಮೇಲೆ ನೀರಿನಲ್ಲಿ ತೊಳೆ, ಮುಚ್ಚು. ಸುಟ್ಟರೆ ತಣ್ಣೀರು, ಕಾಫಿ ಪುಡಿ ಬೇಡ, ಟೂತ್‌ಪೇಸ್ಟ್ ಬೇಡ. ಹೊಸ ಗಾಜ್ ಬಟ್ಟೆ ಕತ್ತರಿಸುವಾಗ ಕತ್ತರಿ ನನ್ನ ಬೆರಳಿಗೇ ತಾಗಿತು. ಸರ್ಟಿಫಿಕೇಟಿನವಳು ಮಕ್ಕಳೆದುರು ಬೆರಳು ಕೊಯ್ದುಕೊಳ್ಳುವುದೇ? ಕರ್ಚೀಫು ಸುತ್ತಿ ಕೈಯನ್ನು ಡೈರಿಯ ಹಿಂದೆ ಇಟ್ಟುಕೊಂಡೆ.

ಹದಿನಾಲ್ಕು ಮಕ್ಕಳೂ ನಾಲ್ಕೂ ಹಂತವನ್ನು ತಪ್ಪಿಲ್ಲದೆ ಒಪ್ಪಿಸಿದರು. "ಯಾರಿಗಾದರೂ ಗಾಯ ಆಗಿದೆಯಾ?" ಎಂದು ಕೇಳಿದೆ.

"ಇಲ್ಲಾ ಮಿಸ್."

ಗಾಯ: ಸೊನ್ನೆ. ಶಾಲೆ ಬಿಟ್ಟ ಮೇಲೆ ಜಗಲಿಯಲ್ಲೇ ಕೂತು ವರದಿಯ ಕೊನೆಯ ಸಾಲು ಬರೆದೆ: ಈ ಪಾಠದಿಂದ ಅತ್ತೆಯನ್ನು ಬಿಡಿಸುವುದು ಒಳ್ಳೆಯದು.

ಅಷ್ಟರಲ್ಲಿ ಬಸ್ಸು ಬಂತು. ಅತ್ತೆ ಇಳಿದಳು. ಮನೆಗೆ ಹೋಗದೆ ಅಂಗಳದಲ್ಲೇ ಉಳಿದಿದ್ದ ಮಕ್ಕಳು ಓಡಿದವು. ಎಲ್ಲವೂ ಓಡಲಿಲ್ಲ, ಒಂದು ಕುಂಟಿತು. ಅಂಗಾಲಿನಲ್ಲಿ ಜಾಲಿ ಮುಳ್ಳು ಮುರಿದು ಎರಡು ದಿನವಾಗಿತ್ತಂತೆ. ಇನ್ನೊಬ್ಬಳ ತೋಳಿನಲ್ಲಿ ಹಂಡೆ ತಾಗಿ ಎದ್ದ ಬೊಬ್ಬೆ. ಮತ್ತೊಬ್ಬ ಅಂಗಿ ಎತ್ತಿ ಸೊಂಟದ ಹತ್ತಿರ ತಂತಿ ಗೀರಿದ್ದನ್ನು ತೋರಿಸಿದ. ಐದು ಮಕ್ಕಳು, ಐದು ಗಾಯ. ಬೆಳಗಿನಿಂದ ನನ್ನ ಮುಂದೆಯೇ ಕೂತಿದ್ದವು.

ಬೊಬ್ಬೆಯ ಹುಡುಗಿಯನ್ನು ಕೇಳಿದೆ: "ನನ್ನ ಹತ್ತಿರ ಯಾಕೆ ಹೇಳಲಿಲ್ಲ?"

ಅವಳು ಅತ್ತೆಯ ಸೆರಗಿನ ಹಿಂದೆ ಸರಿದು ಹೇಳಿದಳು: "ನೀವು ಬರ್ಕಂತೀರ."

ಅತ್ತೆ ನನ್ನತ್ತ ನೋಡಲೂ ಇಲ್ಲ. ಜಗಲಿಯಲ್ಲಿ ಕೂತು, "ಸಾಲಾಗಿ ಬನ್ರಲೇ. ಮುಳ್ಳಿನೋನು ಮೊದ್ಲು. ಯಾಕ್ಲಾ ಇಷ್ಟು ದಿನ ಮುಚ್ಚಿಟ್ಕಂಡೆ, ನಿಮ್ಮಪ್ಪ ಬೈತಾನೆ ಅಂತಾನಾ?" ಎಂದು ಅವನ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

ನಾನು ವರದಿಯ ಕೊನೆಯ ಸಾಲನ್ನು ಹೊಡೆದುಹಾಕಿದೆ. ಬೆರಳು ನೋಯುತ್ತಿದ್ದುದರಿಂದ ಗೆರೆ ಸೊಟ್ಟಗಾಯಿತು. ಆಮೇಲೆ ಹೋಗಿ ಸಾಲಿನ ಕೊನೆಯಲ್ಲಿ ನಿಂತೆ. ಆರನೆಯವಳು.

ನನ್ನ ಸರದಿ ಬಂದಾಗ ಅತ್ತೆ ಕರ್ಚೀಫು ಬಿಚ್ಚಿ ನೋಡಿದಳು. ತಮಾಷೆ ಮಾಡಲಿಲ್ಲ.

"ಉರೀತೈತಾ ಮಗಾ?"

ನನಗೆ ಇಪ್ಪತ್ತೆರಡು ವರ್ಷ. ಸಣ್ಣ ಗಾಯ, ಅರ್ಧ ಇಂಚೂ ಇಲ್ಲ.

"ಹೂಂ ಅತ್ತೆ," ಎಂದೆ, "ತುಂಬಾ ಉರೀತೈತೆ."