ಸೀಮಂತದ ದಿನ ಮರಳಿನಲ್ಲಿ ಕುಳಿತ ಮಹಾಶಯರಿಗೆ

ಮಾನ್ಯ ಫೋರ್ ವೀಲ್ ಡ್ರೈವ್ ಮಹಾಶಯರೇ,

ಕುವೈತಿನ ಹವಲ್ಲಿಯಲ್ಲಿ ನಮ್ಮ ಕಟ್ಟಡದ ಕೆಳಗೆ ಒಂದೂವರೆ ಕಾರಿನ ಜಾಗವನ್ನು ಹಿಡಿದುಕೊಂಡು, ಮೈತುಂಬ ಧೂಳಿದ್ದರೂ ಗತ್ತು ಕುಂದದಂತೆ ನಿಂತಿರುವ ತಮಗೆ, ನಾಲ್ಕನೆಯ ಮಹಡಿಯ ನಾಗಮಣಿ ಮಾಡುವ ಸವಿನಯ ನಮಸ್ಕಾರಗಳು. ನಾವೆಲ್ಲ ಕ್ಷೇಮ. ತಮ್ಮ ನಾಲ್ಕೂ ಚಕ್ರಗಳು, ಎರಡೂ ಕನ್ನಡಿಗಳು ಮತ್ತು ಚಾವಣಿಯ ಮೇಲೆ ಯಾತಕ್ಕೆಂದು ಯಾರಿಗೂ ತಿಳಿಯದ ಆ ಕಬ್ಬಿಣದ ಮಂಚ ಕ್ಷೇಮವಾಗಿವೆಯೆಂದು ನಂಬಿದ್ದೇನೆ. ಮನೆಯ ದೂರನ್ನು ಮನೆಯೊಳಗೇ ಹೇಳಬೇಕೆಂಬುದು ನನಗೆ ತಿಳಿಯದ್ದಲ್ಲ. ಆದರೆ ತಮ್ಮ ಕೀರ್ತಿಯನ್ನು ನನ್ನ ಮಗ ದೀಪು ಕುವೈತಿನ ಕನ್ನಡಿಗರಿಗೆಲ್ಲ ಬಹಿರಂಗವಾಗಿಯೇ ಸಾರಿಕೊಂಡು ಬಂದಿರುವುದರಿಂದ, ಉಳಿದದ್ದನ್ನೂ ಬಹಿರಂಗವಾಗಿ ಹೇಳುವುದೇ ನ್ಯಾಯವೆಂದು ನಮ್ಮ ಸಂಘದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ತಾವು ಮನೆಗೆ ಬಂದ ದಿನ ದೀಪು, "ಅಮ್ಮಾ, ಇದಕ್ಕೆ ರೋಡೇ ಬೇಡ," ಎಂದ. ಇಷ್ಟು ಒಳ್ಳೆಯ ರಸ್ತೆಗಳಿರುವ ದೇಶದಲ್ಲಿ ರಸ್ತೆ ಬೇಡದ ಗಾಡಿ ಏತಕ್ಕಪ್ಪ ಎಂದು ಕೇಳಿದ್ದಕ್ಕೆ, ನಿಮಗೆ ಅರ್ಥ ಆಗಲ್ಲ ಎಂಬ ಉತ್ತರ ಬಂತು. ಅರ್ಥ ಮಾಡಿಸುವ ಹೊಣೆಯನ್ನು ತಾವೇ ಹೊತ್ತು, ಕಳೆದ ಶುಕ್ರವಾರ ಬಹಳ ಚೆನ್ನಾಗಿ ಅರ್ಥ ಮಾಡಿಸಿದ್ದೀರಿ. ಅದಕ್ಕೆ ಮೊದಲ ಧನ್ಯವಾದ.

ಆ ಶುಕ್ರವಾರ ಯಾಮಿನಿಯ ಸೀಮಂತ. ಯಾಮಿನಿ ನಮ್ಮ ಸಂಘದ ಹುಡುಗಿ, ಜಹ್ರಾದ ಒಂದು ಕ್ಲಿನಿಕ್ಕಿನಲ್ಲಿ ಹಲ್ಲಿನ ಡಾಕ್ಟರು. ಮಂಡ್ಯದಲ್ಲಿರುವ ಅವಳ ತಾಯಿ ಸರೋಜಮ್ಮನಿಗೆ ಮೊಣಕಾಲಿನ ಆಪರೇಷನ್ ಆಗಿ ವಿಮಾನ ಹತ್ತುವಂತಿಲ್ಲ. ಆದ್ದರಿಂದ ತವರಿನ ಪರವಾಗಿ ಮಡಿಲು ತುಂಬುವವಳು ನಾನೇ ಎಂದು ಆ ತಾಯಿಗೆ ಮಾತು ಕೊಟ್ಟಿದ್ದೆ. ಹುಡುಗಿಯ ಫ್ಲ್ಯಾಟಿನಲ್ಲಿ ಬಂದವರು ನಿಲ್ಲುವುದಕ್ಕೂ ಜಾಗವಿಲ್ಲವೆಂದು ಅವಳ ಗಂಡ ನಿತೇಶನ ಕಫೀಲರು, ಎಂದರೆ ಅವನ ವೀಸಾದ ಅರಬ್ ಧಣಿಗಳು, ಜಹ್ರಾದಿಂದಾಚೆ ಮರುಭೂಮಿಯಲ್ಲಿ ಚಳಿಗಾಲಕ್ಕೆಂದು ಹಾಕಿಸಿದ್ದ ತಮ್ಮ ಡೇರೆಯನ್ನೇ ಒಂದು ದಿನಕ್ಕೆ ಬಿಟ್ಟುಕೊಟ್ಟಿದ್ದರು. ಹತ್ತೂವರೆಗೆ ರಾಹುಕಾಲ; ಅದರೊಳಗೆ ಮಡಿಲು ತುಂಬಬೇಕು. ತಮ್ಮಂಥವರಿಗೆ ವಹಿಸಿದ ಕೆಲಸ ಇಷ್ಟೇ, ಒಬ್ಬ ಮುದುಕಿಯನ್ನು ಹೊತ್ತಿಗೆ ಮುಂಚೆ ಒಂದು ಡೇರೆಗೆ ತಲುಪಿಸುವುದು.

ಹೊರಟಾಗ ತಾವು ತೋರಿದ ಕಾಳಜಿಯನ್ನು ಮರೆಯಲಾರೆ. ಹಿಂದಿನ ಸೀಟಿನಲ್ಲಿಟ್ಟ ಪುಳಿಯೋಗರೆಯ ಪಾತ್ರೆ ಬೆಲ್ಟು ಕಟ್ಟಿಕೊಂಡಿಲ್ಲವೆಂದು ತಾವು ಟಿಣ್ ಟಿಣ್ ಎಂದು ಹಟ ಹಿಡಿದಿರಿ; ನನ್ನ ಸೊಸೆ ಸಿಂಚನಾ ಅದಕ್ಕೆ ಬೆಲ್ಟು ಬಿಗಿದ ಮೇಲೆಯೇ ಸುಮ್ಮನಾದಿರಿ. ಪುಳಿಯೋಗರೆಯ ಕ್ಷೇಮವನ್ನು ಇಷ್ಟು ವಿಚಾರಿಸುವವರು ಮುಂದೆ ಮನುಷ್ಯರನ್ನೂ ವಿಚಾರಿಸಿಕೊಳ್ಳುತ್ತಾರೆಂದು ನಂಬಿ ನಾನು ಕಣ್ಣು ಮುಚ್ಚಿದೆ.

ಟಾರು ರಸ್ತೆ ಮುಗಿದಲ್ಲಿಂದ ಡೇರೆಯವರೆಗೂ ಹಳೆಯ ಟೈರುಗಳಿಗೆ ಬಿಳಿ ಬಣ್ಣ ಬಳಿದು ಸಾಲಾಗಿ ಗುರುತಿಗೆ ನೆಟ್ಟಿದ್ದರು. ನಮ್ಮ ಮುಂದೆ, ಅದೇ ಸೀಮಂತಕ್ಕೆ ಹೊರಟಿದ್ದ ಲತೀಶ, ಹರಿಣಾಕ್ಷಿ ದಂಪತಿ ತಮ್ಮ ಚಿಕ್ಕ ಕಾರಿನಲ್ಲಿ ಆ ಟೈರುಗಳನ್ನು ನೋಡಿಕೊಂಡು ಮೆಲ್ಲಗೆ ಹೋಗುತ್ತಿದ್ದರು. ಅವರ ಹಿಂದೆ ಹೋಗುವುದು ತಮ್ಮ ಅಂತಸ್ತಿಗೆ ಕಡಿಮೆಯೆಂದು ದೀಪುವಿಗೆ ಅನ್ನಿಸಿತು. "ಡೇರೆ ಬಾವುಟ ಅಲ್ಲೇ ಕಾಣ್ತಿದೆ, ಅಡ್ಡ ಹೊಡೆದ್ರೆ ಎರಡೇ ನಿಮಿಷ," ಎಂದು ಸ್ಟೇರಿಂಗ್ ತಿರುಗಿಸಿದ. ತಾವಾದರೂ ಆಗ ಟಿಣ್ ಎನ್ನಬಹುದಿತ್ತು. ಪುಳಿಯೋಗರೆಗೆ ಅಂದವರು ನಮಗೆ ಅನ್ನಲಿಲ್ಲ.

ನಂತರ ನಡೆದದ್ದರಲ್ಲಿ ತಮ್ಮ ಸಾಮರ್ಥ್ಯವನ್ನು ಹೊಗಳದೆ ಇರಲಾರೆ. ಸಾಮಾನ್ಯ ಕಾರು ಮರಳಿನಲ್ಲಿ ಸಿಕ್ಕಿಕೊಂಡರೆ ಎರಡು ಚಕ್ರದಿಂದ ಹೂತುಕೊಳ್ಳುತ್ತದೆ. ತಾವು ನಾಲ್ಕರಿಂದಲೂ ಹೂತುಕೊಂಡಿರಿ. ಒಂದು ಚಕ್ರ ದುಡಿದು ಇನ್ನೊಂದು ಮೈಗಳ್ಳತನ ಮಾಡಿತೆಂದು ಯಾರೂ ಆಡಿಕೊಳ್ಳದ ಹಾಗೆ ನಾಲ್ಕೂ ಒಂದೇ ಸಮನೆ, ಒಗ್ಗಟ್ಟಿನಿಂದ, ತಂತಮ್ಮ ಗುಂಡಿಯನ್ನು ತಾವೇ ತೋಡಿಕೊಂಡವು. ಹೊಟ್ಟೆ ಮರಳಿಗೆ ತಾಗಿದ ಮೇಲೆ ತಾವು ಎಷ್ಟು ವಾಲಿದ್ದೀರೆಂಬುದನ್ನು ಪರದೆಯ ಮೇಲೆ ಬಣ್ಣದ ಚಿತ್ರ ಬರೆದು ತೋರಿಸಿದಿರಿ. ಸೀಮಂತಕ್ಕೆ ಹಾಸಲೆಂದು ತಂದಿದ್ದ ನನ್ನ ಜಮಖಾನವನ್ನು ಚಕ್ರದ ಕೆಳಗೆ ಕೊಟ್ಟೆವು. ಅದನ್ನು ಒಳಗೆಳೆದುಕೊಂಡು ಹಿಂದಿನಿಂದ ಎಳೆ ಎಳೆಯಾಗಿ ಉಗುಳಿದಿರಿ. ಸಿಂಚನಾ, "ಅತ್ತೆ, ಹಳೇ ಕಾರಲ್ಲಿ ಬಂದಿದ್ರೆ ಇಷ್ಟೊತ್ತಿಗೆ ಕೋಸಂಬರಿ ತಿಂತಿದ್ವಿ," ಎಂದಳು. ದೀಪು ಫೋನಿನಲ್ಲಿ ಮರಳಿನಿಂದ ಗಾಡಿ ತೆಗೆಯುವ ವಿಡಿಯೊ ನೋಡುತ್ತಿದ್ದ. ಆ ವಿಡಿಯೊದಲ್ಲಿದ್ದ ಮಹಾಶಯರು ಮೇಲೆ ಬಂದರು.

ಇನ್ನು ತಮ್ಮ ಭರವಸೆಯಲ್ಲಿ ಕೂರುವುದು ತಮಗೇ ಸಂಕೋಚ ಉಂಟುಮಾಡುವುದೆಂದು ಬಗೆದು, ದೀಪುವನ್ನು ತಮ್ಮ ಬಳಿಯೇ ಬಿಟ್ಟು, ಮಡಿಲಕ್ಕಿಯ ಚೀಲವನ್ನು ಸೊಂಟಕ್ಕೇರಿಸಿ, ಹಸಿರು ಬಳೆಯ ತಟ್ಟೆಯನ್ನು ಸಿಂಚನಾಳ ಕೈಗೆ ಕೊಟ್ಟು, ರೇಷ್ಮೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ನಡೆದೇ ಹೊರಟೆ. ಎರಡು ನಿಮಿಷದ ಆ ಬಾವುಟ ನಡೆದಷ್ಟೂ ಹಿಂದೆ ಸರಿಯಿತು. ಅಷ್ಟರಲ್ಲಿ ಡೇರೆಗಳಿಗೆ ನೀರು ಹಾಕುವ ಒಂದು ಹಳೆಯ ಟ್ಯಾಂಕರ್ ನಮ್ಮ ಪಕ್ಕ ನಿಂತಿತು. ಓಡಿಸುತ್ತಿದ್ದವರು ಮಂಗಳೂರು ಕಡೆಯ ಬಾವಾಕುಂಞಿ. ಕುಂಕುಮ, ಬಳೆ, ನಮ್ಮ ಮುಖ, ದೂರದಲ್ಲಿ ತಾವು, ಎಲ್ಲವನ್ನೂ ಒಮ್ಮೆ ನೋಡಿ, "ಹತ್ತಿ ಅಮ್ಮ. ಬೇಜಾರು ಮಾಡ್ಬೇಡಿ, ನಮ್ಮ ಧಣಿ ಅರಬಾಬನದ್ದೂ ಇಂಥದ್ದೇ ಗಾಡಿ, ಅವ್ನೂ ಶುಕ್ರವಾರ ಆದ್ರೆ ಹೀಗೇ ಕೂತ್ಕೊಳ್ಳೋದು," ಎಂದು ಸಮಾಧಾನ ಹೇಳಿದರು. ತಮ್ಮ ವಂಶದವರ ಶುಕ್ರವಾರದ ವ್ರತ ನನಗೆ ತಿಳಿದದ್ದು ಹೀಗೆ.

ಡೇರೆ ತಲುಪುವಾಗ ಹನ್ನೊಂದು. ಯಾಮಿನಿ ಅರಬ್ಬರ ಒರಗುದಿಂಬುಗಳ ನಡುವೆ ಕಾಲು ಬಾತು, ಏನೂ ತಿನ್ನದೆ ಕುಳಿತಿದ್ದಳು. ಬೇರೆಯವರು ಮಡಿಲು ತುಂಬುತ್ತೇವೆಂದರೆ, "ನಾಗಮಣಿ ಆಂಟಿ ಬರ್ಲಿ, ಅಮ್ಮ ಅವರಿಗೆ ಹೇಳಿದಾರೆ," ಎಂದು ಎಲ್ಲರನ್ನೂ ತಡೆದಿದ್ದಳಂತೆ. ನನ್ನನ್ನು ನೋಡಿದ ಕೂಡಲೇ, ಬಂದ ಹೆಂಗಸರಲ್ಲಿದ್ದ ಅನಸೂಯಮ್ಮ ಬಹಳ ಮೆತ್ತಗೆ, "ರಾಹುಕಾಲ ಹಿಡೀತಲ್ಲ ನಾಗಮಣಿಯವರೇ. ಇನ್ನು ಹನ್ನೆರಡರ ಮೇಲೇ," ಎಂದರು.

ಮಹಾಶಯರೇ, ತಮಗೆ ತಿಳಿಯದ ಒಂದು ವಿಷಯವನ್ನು ಇಲ್ಲಿ ಹೇಳಬೇಕು. ಕುವೈತಿನಲ್ಲಿದ್ದ ಮೇಲೆ ಕುವೈತಿನ ಸೂರ್ಯನಿಗೇ ರಾಹುಕಾಲ, ಊರಿನ ಕ್ಯಾಲೆಂಡರಿನ ಲೆಕ್ಕ ನಡೆಯುವುದಿಲ್ಲ ಎಂದು ಇಲ್ಲಿನ ಹೆಂಗಸರಿಗೆಲ್ಲ ಕಟ್ಟು ಮಾಡಿಟ್ಟವಳು ನಾನು. ಅನಸೂಯಮ್ಮ ಹೊಸ ಫ್ಲ್ಯಾಟಿಗೆ ಬಂದಾಗ ಊರಿನ ಗಂಟೆ ನೋಡಿ ಒಲೆಯ ಮೇಲಿಟ್ಟ ಹಾಲನ್ನು ಇದೇ ಕಾರಣಕ್ಕೆ ಇಳಿಸಿದವಳೂ ನಾನೇ. ಆ ಕಟ್ಟಿನ ಪ್ರಕಾರ ಬಸುರಿ ಹುಡುಗಿ ಇನ್ನೊಂದು ಗಂಟೆ ಹಸಿದು ಕೂರಬೇಕು. ದಿಂಬಿಗೆ ಒರಗಿಸಿಟ್ಟ ಫೋನಿನೊಳಗಿಂದ ಸರೋಜಮ್ಮ ನೋಡುತ್ತಿದ್ದರು. ಅಲ್ಲಿ ಗಂಟೆ ಎಷ್ಟು ಎಂದು ಕೇಳಿದೆ. "ಒಂದೂವರೆ ಆಯ್ತು ಕಣಮ್ಮ, ಮಗು ಮಡಿಲು ತುಂಬ್ಲಿ, ಆಮೇಲೆ ಉಣ್ತೀನಿ ಅಂತ ಕೂತಿದೀನಿ," ಎಂದರು.

"ಮಡಿಲು ತುಂಬೋದು ತವರು. ತವರಿರೋದು ಮಂಡ್ಯದಲ್ಲಿ. ಮಂಡ್ಯದಲ್ಲಿ ರಾಹುಕಾಲ ಕಳೆದು ಆಯ್ತು," ಎಂದು ಹೇಳಿ ಚೀಲ ಬಿಚ್ಚಿದೆ.

"ನಮ್ಮನೆ ಹಾಲು ಉಕ್ಕಿಸೋ ದಿನ ಈ ಮಂಡ್ಯ ಎಲ್ಲಿ ಹೋಗಿತ್ತು?" ಎಂದರು ಅನಸೂಯಮ್ಮ. ನಿಮ್ಮ ಹಾಲು ಇಲ್ಲಿಯ ಡೈರಿಯದು ಎಂದೆ. ಉತ್ತರ ಸರಿಯಿರಲಿಲ್ಲವೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೂ ಅವರೇ ಮೊದಲು ಎದ್ದು ಬಂದು ಯಾಮಿನಿಯ ಸೆರಗನ್ನು ಹಿಡಿದರು. ಅಕ್ಕಿ, ಕೊಬ್ಬರಿ, ಬೆಲ್ಲ ಸುರಿಯುವಾಗ ನನ್ನ ಬಳೆಗಳ ಸಂದಿನಿಂದ ಒಂದಿಷ್ಟು ಮರಳೂ ಬಿತ್ತು. ಹುಡುಗಿ ಅಳುತ್ತ ನಕ್ಕಳು. ಮಂಡ್ಯದಲ್ಲಿ ಸರೋಜಮ್ಮ ತಟ್ಟೆ ಹತ್ತಿರಕ್ಕೆಳೆದ ಸದ್ದು ನಮಗೆಲ್ಲ ಕೇಳಿಸಿತು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ದೊಡ್ಡವೇನಲ್ಲ. ದಾರಿ ಬಿಡುವ ಮೊದಲು ನಾಲ್ಕೂ ಚಕ್ರಗಳು ಸಭೆ ಸೇರಿ ಒಮ್ಮತಕ್ಕೆ ಬರಬೇಕು. ನನ್ನ ಜಮಖಾನವನ್ನು ಎಳೆ ಎಳೆಯಾಗಿ ಉಗುಳಿದ ಹಾಗೆಯೇ ಎಳೆ ಎಳೆಯಾಗಿ ನೇಯ್ದು ಕೊಡಬೇಕು. ಮತ್ತು ಬಿಡುವಾದಾಗ ಅನಸೂಯಮ್ಮನವರ ಮನೆಗೆ ಹೋಗಿ, ನಾಗಮಣಿ ಮಾತು ತಪ್ಪುವವಳಲ್ಲ, ತಪ್ಪಿಸಿದವನು ನಾನು ಎಂದು ತಮ್ಮ ಬಾಯಿಂದಲೇ, ಅಂದರೆ ಆ ದೊಡ್ಡ ಹಾರನ್ನಿನಿಂದಲೇ, ತಿಳಿಸಬೇಕು.

ಟಾರು ರಸ್ತೆ ಇರುವ ತನಕ ಮಾತ್ರ
ತಮ್ಮ ವಿಶ್ವಾಸಿ,
ನಾಗಮಣಿ ಲಕ್ಷ್ಮೀನರಸಿಂಹ, ಹವಲ್ಲಿ

ಮರೆತ ಮಾತು: ಯಾಮಿನಿಯ ಹೆರಿಗೆಯ ದಿನ ಆಸ್ಪತ್ರೆಗೆ ದೊಡ್ಡ ಗಾಡಿಯಲ್ಲೇ ಕರೆದೊಯ್ಯೋಣವೆಂದು ದೀಪು ಬಹಳ ಉತ್ಸಾಹದಲ್ಲಿದ್ದಾನೆ. ನಾನು ಟ್ಯಾಕ್ಸಿಗೆ ಹೇಳಿಟ್ಟಿದ್ದೇನೆ. ಮಗುವಿನ ಮುಖ ನೋಡಲು ತಾವೂ ಅವಶ್ಯವಾಗಿ ಬರಬೇಕು. ನಾಮಕರಣದ ಹೊತ್ತಿಗೆ ತಲುಪಿದರೆ ಸಾಕು.