ಮೇಷ್ಟ್ರು ಫ್ಲಾಟ್ ನೋಡಲು ಹೋದದ್ದು

‘ಬಾಡಿಗೆ’ ಎಂಬ ಪದ ‘ಬಾಡು’ವುದರಿಂದಲೇ ಹುಟ್ಟಿರಬೇಕು ಎಂಬುದು ಡ್ರಾಯಿಂಗ್ ಮೇಷ್ಟ್ರ ಸ್ವಂತ ಸಂಶೋಧನೆ. ಎದುರು ಬೀದಿಯಲ್ಲಿ ಹೊಸ ಅಪಾರ್ಟ್‌ಮೆಂಟು ಒಂದೊಂದೇ ಅಂತಸ್ತು ಏರಿದಂತೆ ಈ ಬೀದಿಯ ಬಾಡಿಗೆಗಳ ಅಂತಸ್ತೂ ಏರುತ್ತಿತ್ತು. ಬಾಡಿಗೆದಾರರ ಮುಖಗಳು ಬಾಡುತ್ತಿದ್ದವು.

ಮೇಷ್ಟ್ರ ಮುಖ ಮಾತ್ರ ಬಾಡಿರಲಿಲ್ಲ. ಓನರಮ್ಮ ಬಾಡಿಗೆ ಏರಿಸುವ ಮಾತೆತ್ತಿದಾಗ ಅವರು ತಮ್ಮ ಬಡತನವನ್ನು ಎಷ್ಟು ಚೆನ್ನಾಗಿ ಚಿತ್ರಿಸಿದ್ದರೆಂದರೆ (ಚಿತ್ರಿಸುವುದೇ ಕಸುಬಲ್ಲವೇ!) ಆಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, “ಆಯ್ತು ಬಿಡಿ ಮೇಷ್ಟ್ರೇ, ಯೋಚನೆ ಮಾಡಿ ಸೋಮವಾರ ಹೇಳ್ತೀನಿ” ಎಂದು ಹೋಗಿದ್ದರು.

“ಗೆದ್ದ ಹಾಗೇ ಕಣೇ!” ಎಂದರು ಮೇಷ್ಟ್ರು ಹೆಂಡತಿಗೆ.

ನಡುವೆ ಭಾನುವಾರವೊಂದು ಬಂತು. ಬಿಸಿಲೆಂದರೆ ಬಿಸಿಲು. ಮೇಷ್ಟ್ರ ತಲೆಯಲ್ಲಿ ಬಲ್ಬು ಹೊತ್ತಿಕೊಂಡಿತು.

“ಎದುರಿನ ಅಪಾರ್ಟ್‌ಮೆಂಟಿನಲ್ಲಿ ತೋರಿಸೋಕೆ ಅಂತಲೇ ಒಂದು ಮಾದರಿ ಫ್ಲಾಟ್ ಮಾಡಿದ್ದಾರೆ. ಏಸಿ ಹಾಕಿ, ಜ್ಯೂಸ್ ಬೇರೆ ಕೊಡ್ತಾರಂತೆ. ಕೊಳ್ಳೋರ ಹಾಗೆ ಹೋಗಿ ಮಧ್ಯಾಹ್ನ ಕಳೆದು ಬರೋಣ.”

“ನಾವು ಕೊಳ್ಳೋರ ಹಾಗೆ ಕಾಣ್ತೀವಾ? ನಿಮ್ಮ ಚಪ್ಪಲಿ ನೋಡಿದ್ರೇ ಸಾಕು.”

“ದುಡ್ಡಿರೋರ ಲಕ್ಷಣ ಚಪ್ಪಲಿಯಲ್ಲಿರಲ್ಲ. ಅವರು ಯಾವುದನ್ನೂ ಮೆಚ್ಚಲ್ಲ, ಅಷ್ಟೇ. ನೀನು ನನ್ನ ಜೊತೆ ಮನೇಲಿ ಹೇಗಿರ್ತೀಯೋ ಹಾಗೇ ಇರು.”

ಫ್ಲಾಟಿನೊಳಗೆ ಆಕೆ ಹಾಗೇ ಇದ್ದರು. “ಇದು ಅಡುಗೆಮನೇನೋ, ಬೀರುನೋ?” ಎಂದರು. ಬಾಲ್ಕನಿಗೆ ಹೋಗಿ, “ಇಲ್ಲಿ ಬಟ್ಟೆ ಒಣಹಾಕಿದ್ರೆ ನಾನೆಲ್ಲಿ ನಿಲ್ಲಲಿ?” ಎಂದರು. ಒಂದೊಂದು ತಪ್ಪು ಎತ್ತಿ ಆಡಿದಾಗಲೂ ಸೇಲ್ಸ್ ಹುಡುಗಿಯ ಗೌರವ ಹೆಚ್ಚಿತು. ಮೊದಲು ಜ್ಯೂಸ್ ಬಂತು, ಆಮೇಲೆ ಬಿಸ್ಕತ್ತು, ಕೊನೆಗೆ ಮ್ಯಾನೇಜರರ ಕೋಣೆಯಿಂದಲೇ ಗೋಡಂಬಿ ಬಂತು.

“ಸರ್ ಏನು ಮಾಡ್ತಾರೆ?” ಎಂದಳು ಹುಡುಗಿ.

“ನಮ್ಮದು ಬಣ್ಣದ ವ್ಯವಹಾರ” ಎಂದರು ಮೇಷ್ಟ್ರು ಗಂಭೀರವಾಗಿ. (ಸುಳ್ಳಂತೂ ಅಲ್ಲ.)

“ಓ, ಪೇಂಟ್ ಫ್ಯಾಕ್ಟರೀನಾ ಸರ್?”

ಮೇಷ್ಟ್ರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಗೋಡಂಬಿ ಅಗಿಯುತ್ತಾ ಮುಗುಳ್ನಕ್ಕರು. ಹುಡುಗಿ ಇನ್ನೊಂದು ಬಾಗಿಲು ತೆರೆದು, “ಇದು ಮಾಸ್ಟರ್ ಬೆಡ್‌ರೂಮ್” ಎಂದಳು. ಮಾಸ್ಟರ್ ಬೆಡ್‌ರೂಮಿನಲ್ಲಿ ಮೇಷ್ಟ್ರು ಮಲಗದೆ ಇನ್ಯಾರು ಮಲಗಬೇಕು? ಹಾಸಿಗೆ ಪರೀಕ್ಷಿಸುವ ನೆಪದಲ್ಲಿ ಒರಗಿದರು. ತಣ್ಣನೆ ಗಾಳಿಗೆ ಹಾಗೇ ಗೊರಕೆ ಹತ್ತಿತು.

ಎಚ್ಚರವಾದಾಗ ಹುಡುಗಿ ಇನ್ನೊಂದು ಪಾರ್ಟಿಯನ್ನು ಒಳಗೆ ಕರೆತಂದು, “ಬೇಗ ಮನಸ್ಸು ಮಾಡಿ ಮೇಡಂ. ಈ ಪೇಂಟ್ ಫ್ಯಾಕ್ಟರಿ ಸರ್ ಕೂಡ ಇದನ್ನೇ ನೋಡ್ತಿದ್ದಾರೆ” ಎನ್ನುತ್ತಿದ್ದಳು.

ಮೇಡಂ ಎಂದರೆ ಓನರಮ್ಮ! ಮಗಳಿಗಾಗಿ ಫ್ಲಾಟ್ ನೋಡಲು ಬಂದಿದ್ದರು.

ಮೇಷ್ಟ್ರು ಧಡಕ್ಕನೆ ಎದ್ದು ಕೂತು, “ಅಮ್ಮಾ, ನಾವು ಸುಮ್ಮನೆ...” ಎನ್ನುವಷ್ಟರಲ್ಲಿ ಬಾಲ್ಕನಿಯಿಂದ ಹೆಂಡತಿಯ ದನಿ ತೇಲಿ ಬಂತು: “ರೀ, ಇದು ಬೇಡಾರೀ, ತೀರಾ ಚಿಕ್ಕದು! ಇದರ ಎರಡರಷ್ಟಿರೋದು ತೋರಿಸೋಕೆ ಹೇಳಿ!”

“ಮಲಗಿ ಮೇಷ್ಟ್ರೇ, ಮಲಗಿ. ಪಾಪ, ದಣಿದಿದ್ದೀರಿ” ಎಂದು ಓನರಮ್ಮ ಹೊರಟೇಹೋದರು.

ಮನೆಗೆ ಬಂದ ಮೇಲೆ ಹೆಂಡತಿ ತಲೆಯ ಮೇಲೆ ಕೈಹೊತ್ತು ಕೂತರು. ಮೇಷ್ಟ್ರು ಜಗ್ಗಲಿಲ್ಲ. “ಹೆದರಬೇಡ್ವೇ. ಮಾತಿನಲ್ಲಿ ನನ್ನನ್ನು ಸೋಲಿಸೋರು ಇನ್ನೂ ಹುಟ್ಟಿಲ್ಲ” ಎಂದು ಸೋಮವಾರ ಬೆಳಿಗ್ಗೆಯೇ ಓನರಮ್ಮನ ಮನೆಗೆ ನಡೆದರು.

“ಬನ್ನಿ ಫ್ಯಾಕ್ಟರಿ ಸಾಹುಕಾರರೇ” ಎಂದು ಓನರಮ್ಮ ಸ್ವಾಗತಿಸಿದರು. “ಯಾವಾಗ ಖಾಲಿ ಮಾಡ್ತೀರಿ? ಬೇರೆಯವರು ಕೇಳ್ತಿದ್ದಾರೆ.”

ಖಾಲಿ ಮಾಡುವ ಮಾತನ್ನು ಮೇಷ್ಟ್ರು ನಿರೀಕ್ಷಿಸಿರಲಿಲ್ಲ. ಆದರೆ ನಾಲಿಗೆ ಕೈಬಿಡಲಿಲ್ಲ.

“ಖಾಲೀನಾ? ನಿಮ್ಮ ಮನೆ ಬಿಟ್ಟು ಹೋಗೋದಾ? ಆ ಫ್ಲಾಟನ್ನ ನಾವು ಬೇಡ ಅಂದದ್ದೇ ಅದಕ್ಕಲ್ವೇನಮ್ಮಾ! ನಿಮ್ಮ ಮನೆಯ ಗಾಳಿ ಏನು, ಬೆಳಕು ಏನು, ಆ ಅಡುಗೆಮನೆಯ ವಿಸ್ತಾರ ಏನು! ನೀವು ಕಟ್ಟಿಸಿರೋದು ಮನೆಯಲ್ಲ, ಅರಮನೆ.”

ಓನರಮ್ಮನ ಮುಖ ಅರಳಿತು. “ನಿಜವಾಗ್ಲೂ? ಆ ಫ್ಲಾಟಿಗಿಂತ ಚೆನ್ನಾಗಿದೆಯಾ?”

“ನೂರು ಪಾಲು!” ಎಂದರು ಮೇಷ್ಟ್ರು, ಗೆದ್ದ ಹುರುಪಿನಲ್ಲಿ.

“ಅಯ್ಯೋ, ನನಗಿದು ತಿಳಿದೇ ಇರಲಿಲ್ಲ ನೋಡಿ. ಅಂಥ ಫ್ಲಾಟಿಗೇ ಇಲ್ಲಿಯ ಎರಡರಷ್ಟು ಬಾಡಿಗೆ ಅಂತೆ. ನಾನು ಕಡಿಮೆ ತಗೊಂಡ್ರೆ ಅರಮನೆಗೇ ಅವಮಾನ ಅಲ್ವಾ? ನೂರು ಪಾಲು ಬೇಡ ಮೇಷ್ಟ್ರೇ, ಎರಡು ಪಾಲು ಕೊಡಿ ಸಾಕು.”

ಮೇಷ್ಟ್ರು ಮನೆಗೆ ಮರಳಿದಾಗ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದರು.

“ಏನಾಯ್ತು?”

“ಉಳಿಸಿಕೊಂಡೆ ಕಣೇ!” ಎಂದರು ಮೇಷ್ಟ್ರು ಎದೆಯುಬ್ಬಿಸಿ.

“ಹಳೇ ಬಾಡಿಗೇನಾ?”

“ಅಲ್ಲ, ಮನೇನ. ಇನ್ನು ಮೇಲೆ ಇದನ್ನ ಅರಮನೆ ಅನ್ನಬೇಕು. ಆ ಹೆಸರಿಗೆ ಪೂರ್ತಿ ದುಡ್ಡು ಕೊಡ್ತಿದ್ದೀವಿ.”