ಪೆಟ್ಟಿಗೆ ಹೆಗ್ಗರಣೆಗೆ ಹೋದದ್ದು

ನಾನು ಯಾವುದನ್ನೂ ಬಹಳ ದಿನಕ್ಕೆ ಒಪ್ಪಿಕೊಳ್ಳುವ ಪೈಕಿಯವಳಲ್ಲ. ಇದನ್ನು ತಪ್ಪೊಪ್ಪಿಗೆ ಎಂದುಕೊಳ್ಳಬೇಡಿ, ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಮೊಬೈಲಿಗೆ ಒಂದು ತಿಂಗಳಿಗಿಂತ ಹೆಚ್ಚು ರೀಚಾರ್ಜ್ ಮಾಡಿಸಿದವಳಲ್ಲ. ಶಿರಸಿಯಲ್ಲಿ ಬಾಡಿಗೆ ಕರಾರನ್ನು ಹನ್ನೊಂದು ತಿಂಗಳಿಗೆ ಬರೆಯುವುದು ವಾಡಿಕೆ. ಅವಧಿ ಮುಗಿದಾಗ ಉಳಿದವರು ಕರಾರು ಬದಲಾಯಿಸುತ್ತಾರೆ, ನಾನು ಮನೆಯನ್ನೇ ಬದಲಾಯಿಸುತ್ತೇನೆ. ಇಂಥ ನಾನು ಹೊಟ್ಟೆಪಾಡಿಗೆ ಮಾಡುವುದು ವಿಮೆ ಏಜೆಂಟ್ ಕೆಲಸ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಜಗಲಿಗಳಲ್ಲಿ ಕುಳಿತು, ಇಪ್ಪತ್ತೈದು ವರ್ಷ ಒಂದಕ್ಕೇ ಕಟ್ಟುಬಿದ್ದಿರುವುದರ ಸುಖವನ್ನು ನಾನು ಬಣ್ಣಿಸುವಾಗ ಕೇಳಿದವರ ಕಣ್ಣು ತುಂಬಿ ಬರುತ್ತದೆ. ನನಗೆ ಮಾತ್ರ ಬೆವರು ಬರುತ್ತದೆ.

ಮದುವೆಯ ವಿಷಯದಲ್ಲೂ ಇದೇ ಕತೆ. ನಮ್ಮ ಕಡೆ ಈಗ ಹೆಣ್ಣಿಗಾಗಿ ಗಂಡಿನ ಕಡೆಯವರೇ ಚಪ್ಪಲಿ ಸವೆಸುತ್ತಾರೆ, ಹಾಗಾಗಿ ಬೇಡ ಎನ್ನುವ ಅಭ್ಯಾಸ ನನಗೆ ಚೆನ್ನಾಗಿಯೇ ಆಯಿತು. ಯಲ್ಲಾಪುರದಲ್ಲಿರುವ ಅಮ್ಮ ಮೊದಲು ಅತ್ತಳು, ಆಮೇಲೆ ಬೈದಳು, ನನಗೆ ಮೂವತ್ತಾರು ತುಂಬುವ ಹೊತ್ತಿಗೆ ಬಂದವರಿಗೆಲ್ಲ ಕಾಫಿ ಕೊಟ್ಟು, “ಯಮ್ಮನೆ ಕೂಸಿಗೆ ತಲೆ ಸರಿ ಇಲ್ಲೆ” ಎಂದು ತಾನೇ ಸಾಗಹಾಕತೊಡಗಿದಳು. ಒಬ್ಬನಂತೂ ಎಷ್ಟು ಒಳ್ಳೆಯವನೆಂದರೆ, ಬೇಡ ಎನ್ನಲು ಯಾವ ಕಾರಣವೂ ಸಿಗದೆ, ಒಂದು ಪಾಲಿಸಿ ಮಾಡಿಸಿ ಕಳಿಸಿದೆ.

ಸುಬ್ರಾಯ ಸಿಕ್ಕಿದ್ದೂ ಪಾಲಿಸಿಯ ದೆಸೆಯಿಂದಲೇ. ಹೆಗ್ಗರಣೆಯಲ್ಲಿ ಜೇನು ಸಾಕುವವನು, ನನಗಿಂತ ಎರಡು ವರ್ಷ ದೊಡ್ಡವನು, ಮನೆಯಲ್ಲಿ ತಾಯಿ ಮತ್ತು ಅವನು. ನನ್ನ ಅರ್ಧ ಗಂಟೆಯ ಭಾಷಣ ಕೇಳಿ, ಪಾಲಿಸಿ ಮಾಡಿಸಲು ಅಡ್ಡಿಯಿಲ್ಲ, ಆದರೆ ನೀವೂ ಒಂದು ಜೇನುಪೆಟ್ಟಿಗೆ ಇಟ್ಟುಕೊಳ್ಳಬೇಕು ಎಂದ. ಹಾಲು ಕರೆಯಬೇಕಿಲ್ಲ, ಹುಲ್ಲು ಹಾಕಬೇಕಿಲ್ಲ, ಹೋಗಲಿ ಎಂದು ಒಪ್ಪಿದೆ. ಪೆಟ್ಟಿಗೆ ನನ್ನ ಹಿತ್ತಿಲಿಗೆ ಬಂತು. ಅದನ್ನು ನೋಡಲು ಹದಿನೈದು ದಿನಕ್ಕೊಮ್ಮೆ ಸುಬ್ರಾಯನೂ ಬರತೊಡಗಿದ. ಕೈಗೆ ಏನನ್ನೂ ಹಾಕಿಕೊಳ್ಳದೆ ಮೆಲ್ಲಗೆ ಪೆಟ್ಟಿಗೆಯೊಳಗಿನ ಜೇನಿನ ಎರಿಯನ್ನು ಎತ್ತಿ ಹಿಡಿದು, ಸಾವಿರ ಹುಳುಗಳ ನಡುವಿನಿಂದ ರಾಣಿಯನ್ನು ತೋರಿಸುತ್ತಿದ್ದ. ನಾನು ರಾಣಿಯನ್ನು ಬಿಟ್ಟು ಅವನ ಕೈಯನ್ನೇ ನೋಡತೊಡಗಿದ್ದು ಮೂರನೆಯ ಸಲವೋ ನಾಲ್ಕನೆಯ ಸಲವೋ ಇರಬೇಕು. ಸೆಕೆಗೆ ಹೀಗಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅಷ್ಟರಲ್ಲಿ ಹನ್ನೊಂದು ತಿಂಗಳು ಮುಗಿಯಿತು. ಎರಡು ಓಣಿ ಆಚೆಗೆ ಬೇರೆ ಮನೆ ಹಿಡಿದು, ಪೆಟ್ಟಿಗೆ ಸಾಗಿಸಲು ಬಾ ಎಂದು ಸುಬ್ರಾಯನಿಗೆ ಫೋನ್ ಮಾಡಿದೆ. ಹಾಗೆಲ್ಲ ಆಗುವುದಿಲ್ಲವೆಂದ. ಹತ್ತಿರದಲ್ಲೇ ಜಾಗ ಬದಲಾಯಿಸಿದರೆ, ಮೇಯಲು ಹೋದ ಹುಳುಗಳು ಹಳೆಯ ಜಾಗಕ್ಕೇ ಮರಳಿ, ಪೆಟ್ಟಿಗೆ ಕಾಣದೆ ಅಲ್ಲೇ ಸುತ್ತಿ ಸಾಯುತ್ತವಂತೆ. ಇಪ್ಪತ್ತು ದಿನ ದೂರದ ಊರಿನಲ್ಲಿಟ್ಟು, ಹಳೆಯ ದಾರಿ ಮರೆಸಿ, ಆಮೇಲೆ ಹೊಸ ಮನೆಗೆ ತರಬೇಕಂತೆ. ಯಃಕಶ್ಚಿತ್ ಹುಳುವಿಗೆ ತನ್ನ ಜಾಗದ ಮೇಲೆ ಇಷ್ಟು ಪ್ರೀತಿಯೇ ಎಂದು ನನಗೆ ಮೊದಲ ಬಾರಿಗೆ ನಾಚಿಕೆಯಾಯಿತು. ಸಂಜೆ ಹುಳುಗಳೆಲ್ಲ ಒಳಸೇರಿದ ಮೇಲೆ ಪೆಟ್ಟಿಗೆಯ ಬಾಯಿ ಮುಚ್ಚಿ, ಅದನ್ನು ಅವನು ಹೆಗ್ಗರಣೆಗೆ ಒಯ್ದ.

ಮರುದಿನದಿಂದ ನನ್ನ ಸ್ಕೂಟರಿಗೆ ಏನೋ ಆಯಿತು. ಹುಲೇಕಲ್ಲಿಗೆಂದು ಹೊರಟರೂ ಹೆಗ್ಗರಣೆಯಲ್ಲಿ ಹೋಗಿ ನಿಲ್ಲುತ್ತಿತ್ತು. ಜೇನು ಹೇಗಿದೆ ಎಂದು ಕೇಳುವುದು, ಅವನ ತಾಯಿ ಕೊಟ್ಟ ಕಷಾಯ ಕುಡಿಯುವುದು, ಬಂದದ್ದಕ್ಕೆ ಅಕ್ಕಪಕ್ಕದ ಮನೆಯಲ್ಲೊಂದು ಪಾಲಿಸಿ ಮಾಡಿಸುವುದು. ಕೊನೆಕೊನೆಗೆ ಆ ಕೇರಿಯಲ್ಲಿ ವಿಮೆಯಿಲ್ಲದ ಒಂದು ಜೀವವೂ ಉಳಿಯದೆ, ನನಗಿದ್ದ ನೆಪ ಪೆಟ್ಟಿಗೆಯೊಂದೇ ಆಯಿತು. ಇಪ್ಪತ್ತು ದಿನ ಕಳೆಯಿತು, ನಾಳೆ ಸಂಜೆ ಪೆಟ್ಟಿಗೆ ತರುತ್ತೇನೆ ಎಂದು ಅವನ ಫೋನ್ ಬಂತು. ಸಂತೋಷವಾಗಬೇಕಿತ್ತು, ಅಳು ಬಂತು. ಮೂವತ್ತಾರು ವರ್ಷ ತಪ್ಪಿಸಿಕೊಂಡು ಓಡಾಡಿದವಳು ಒಬ್ಬ ಜೇನು ಸಾಕುವವನಿಗೆ ಮನಸ್ಸು ಕೊಟ್ಟು ಕುಳಿತಿದ್ದೆ. ಅವನ ಮನಸ್ಸಿನಲ್ಲಿ ನಾನಿದ್ದೇನೋ, ಬರೀ ಹುಳುಗಳಿವೆಯೋ, ಅದು ಮಾತ್ರ ತಿಳಿಯದು.

ಮರುದಿನ ಅವನು ಹೊರಡುವ ಮೊದಲೇ ನಾನು ಹೋದೆ. ಅಂಗಳದಲ್ಲಿ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ. ಅಂಜಿಕೆ ಎನ್ನುವುದು ನನ್ನ ವೃತ್ತಿಗೆ ಆಗಿಬರುವುದಿಲ್ಲ, ನೇರವಾಗಿಯೇ ಹೇಳಿದೆ.

“ಪೆಟ್ಟಿಗೆ ಇಲ್ಲೇ ಇರ್ಲಿ.”

“ನಿಂಗಕ್ಕೆ ಜೇನು ನೋಡವು ಅನ್ಸಿರೆ?”

“ಆನೂ ಇಲ್ಲೇ ಇರ್ತೆ.”

ಅವನು ಹಗ್ಗವನ್ನು ಕೆಳಗಿಟ್ಟು, “ವಿಚಾರ ಮಾಡಿ ಹೇಳ್ತೆ” ಎಂದ.

ಹನ್ನೆರಡು ವರ್ಷದ ಅನುಭವದಲ್ಲಿ ಹೇಳುತ್ತೇನೆ, ಈ ಮಾತು ಹೇಳಿದ ಒಬ್ಬನೂ ಆಮೇಲೆ ಪಾಲಿಸಿ ಮಾಡಿಸಿದ್ದಿಲ್ಲ. ಇಂಥ ಹೊತ್ತಿನಲ್ಲಿ ನಗುತ್ತ ಎದ್ದು ಬರುವುದು ನಮ್ಮ ಕ್ರಮ. ನಗು ಬರಲಿಲ್ಲ. ತಿರುಗಿ ಸ್ಕೂಟರಿನ ಹತ್ತಿರ ಬಂದೆ, ಕೀಲಿ ಎರಡು ಸಲ ಕೈಯಿಂದ ಕೆಳಗೆ ಬಿತ್ತು. ಎರಡನೆಯ ಸಲ ಅದನ್ನು ಎತ್ತಿಕೊಟ್ಟವನು ಸುಬ್ರಾಯ.

“ಪಾಲಿಸಿಲಿ ನಾಮಿನಿ ಹೆಸ್ರು ಬದ್ಲು ಮಾಡೋ ಫಾರಂ ಇದ್ದಾ?” ಎಂದು ಕೇಳಿದ.

ಒಳಗಿನಿಂದ ಅವನ ತಾಯಿ, “ಯನ್ನ ಹೆಸ್ರು ತೆಗೀಲಡ್ಡಿಲ್ಲೆ, ತಮಾ” ಎಂದರು. ನನ್ನ ಚೀಲದಲ್ಲಿ ಲೋಕದ ಎಲ್ಲ ಫಾರಂಗಳೂ ಇದ್ದವು, ಅದೊಂದನ್ನು ಬಿಟ್ಟು.

ಮುಹೂರ್ತ ಮಾರ್ಗಶಿರದಲ್ಲಿ ಸಿಕ್ಕಿದೆ. ಅದಕ್ಕಿಂತ ಮುಂಚೆ ಯಾವುದಾದರೂ ದಿನ ಇದೆಯೇ ನೋಡಿ ಎಂದು ಪುರೋಹಿತರಿಗೆ ಮೂರು ಸಲ ಫೋನ್ ಮಾಡಿದೆ. ಈಗೀಗ ಅವರು ನನ್ನ ಫೋನ್ ಎತ್ತುವುದಿಲ್ಲ.